ಐದು ಕಿಲೊಮೀಟರಿನ ಬೆಂಗಳೂರು

ಬೆಂಗಳೂರಿನಲ್ಲಿ ಸೈಕಲ್ ಅಂದರೆ ಈಗ ಬಹಳ ಜನಕ್ಕೆ ನೆನಪಾಗುವುದು ಭಾನುವಾರ ಬೆಳಗಿನ ನಂದಿಬೆಟ್ಟ. ಬಿಗಿ ಉಡುಪು, ಕಪ್ಪು ಕನ್ನಡಕ, ಲಕ್ಷ ರೂಪಾಯಿ ದಾಟುವ ಬಂಡಿ. ಅದು ಅದರ ಪಾಡಿಗೆ ಒಳ್ಳೆಯ ಹವ್ಯಾಸವೇ. ಆದರೆ ಇಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆಯ ಸವಾರಿಯ ವಿಚಾರ. ಸೊಪ್ಪು ತರಕಾರಿ ತರಲು, ಲೈಬ್ರರಿಗೆ ಪುಸ್ತಕ ಹಿಂತಿರುಗಿಸಲು, ಮೆಟ್ರೊ ನಿಲ್ದಾಣ ಮುಟ್ಟಲು, ಹತ್ತಿರವಿದ್ದರೆ ಕಚೇರಿಗೂ ಹೋಗಿಬರಲು ಹತ್ತುವ ಸೈಕಲ್. ಈ ಊರಿನಲ್ಲಿ ಸೈಕಲ್ ನಿಜವಾದ ಸುಖ ಕೊಡುವುದು ಇಂಥ ಸಣ್ಣಪುಟ್ಟ ಕೆಲಸಗಳಲ್ಲೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮನೆಯ ಸುತ್ತ ಐದು ಕಿಲೊಮೀಟರಿನ ಒಂದು ವೃತ್ತ ಎಳೆದುಕೊಳ್ಳಿ. ಅದರೊಳಗೆ ಸೈಕಲ್ಲಿಗೆ ಸಾಟಿಯಾದ ವಾಹನ ಬೇರೆ ಇಲ್ಲ.

ಲೆಕ್ಕ ಹಾಕಿ ನೋಡಿ. ಮೈ ಬೆವರದಂತೆ ಆರಾಮವಾಗಿ ತುಳಿದರೂ ಗಂಟೆಗೆ 12ರಿಂದ 15 ಕಿ.ಮೀ. ಸಾಗುತ್ತದೆ. ಐದು ಕಿ.ಮೀ.ಗೆ 20–25 ನಿಮಿಷ ಸಾಕು. ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2022ರ ಪಟ್ಟಿಯಲ್ಲಿ ಬೆಂಗಳೂರು ಲಂಡನ್ ನಂತರ ಜಗತ್ತಿನಲ್ಲೇ ಎರಡನೆಯದಾಗಿತ್ತು. ನಗರದ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು. ಅದರರ್ಧ ಅಂದರೆ ಐದು ಕಿ.ಮೀ.ಗೆ ಸುಮಾರು ಹದಿನೈದು ನಿಮಿಷ. ಅದೂ ವರ್ಷವಿಡೀ, ಹಗಲೂ ರಾತ್ರಿ ಸೇರಿಸಿದ ಸರಾಸರಿ. ಸಂಜೆ ಆರೂವರೆಗೆ ಆ ಹದಿನೈದು ಎಷ್ಟಾಗುತ್ತದೆ ಎಂದು ಇಲ್ಲಿ ವಾಸಿಸುವವರಿಗೆ ಹೇಳಬೇಕಿಲ್ಲ. ಬೇಸ್‌ಮೆಂಟಿನಿಂದ ಕಾರು ತೆಗೆಯುವುದು, ಹೋದಲ್ಲಿ ಪಾರ್ಕಿಂಗ್ ಹುಡುಕುವುದು ಸೇರಿಸಿದರೆ ಇಬ್ಬರೂ ಒಂದೇ ಹೊತ್ತಿಗೆ ತಲುಪುತ್ತಾರೆ. ಸೈಕಲ್ಲಿನವರಿಗೆ ಇರುವ ಹೆಚ್ಚಿನ ಅನುಕೂಲವೆಂದರೆ ಎಷ್ಟು ಹೊತ್ತಿಗೆ ತಲುಪುತ್ತೇವೆಂಬುದು ಹೊರಡುವಾಗಲೇ ಗೊತ್ತಿರುತ್ತದೆ. ಮಳೆ ಬಂದ ದಿನ, ಹಬ್ಬದ ಹಿಂದಿನ ದಿನ, ಪಕ್ಕದ ರಸ್ತೆ ಅಗೆದ ದಿನ, ಎಲ್ಲ ದಿನವೂ ಹೆಚ್ಚುಕಡಿಮೆ ಅಷ್ಟೇ ಸಮಯ. ದಿನದಿನವೂ ಸಿಗ್ನಲ್ಲುಗಳ ದಯೆಗೆ ಕಾಯುವ ಊರಿನಲ್ಲಿ ಇದು ಮನಸ್ಸಿಗೆ ಕೊಡುವ ನೆಮ್ಮದಿ ಸಣ್ಣದಲ್ಲ.

ಇನ್ನು ಕಣ್ಣು, ಮೂಗು, ಕಿವಿಗೆ ಸಿಗುವುದು. ಗಾಂಧಿಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಕಾಫಿಪುಡಿ ಅಂಗಡಿ ಇನ್ನೂ ನೂರು ಅಡಿ ದೂರವಿರುವಾಗಲೇ ಹುರಿದ ಬೀಜದ ವಾಸನೆ ಎದುರಾಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಅಂಗಡಿ ಜಗಲಿಗಳ ಮೇಲೆ ಹುಡುಗರು ಪತ್ರಿಕೆಯೊಳಗೆ ಪುರವಣಿ ಸೇರಿಸುತ್ತ ಕೂತಿರುತ್ತಾರೆ. ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಜರ್ಮನ್ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ವರ್ಷದ ಬೇರೆ ಬೇರೆ ತಿಂಗಳಲ್ಲಿ ಊರಿನ ಯಾವುದೋ ಒಂದು ಜಾತಿಯ ಮರ ಹೂಬಿಟ್ಟಿರಬೇಕು ಎಂದು ಸಾಲುಮರಗಳನ್ನು ಯೋಜಿಸಿದವರು. ಅದರ ಫಲವನ್ನು ಪೂರ್ತಿ ಉಣ್ಣುವವರು ಸೈಕಲ್ಲಿನವರೇ. ವರ್ಷದ ಮೊದಲ ತಿಂಗಳುಗಳಲ್ಲಿ ಗುಲಾಬಿ ಟಬೂಬಿಯಾ, ಅದರ ಬೆನ್ನಿಗೇ ನೀಲಿ ಜಕರಂಡ, ಬೇಸಿಗೆ ಏರಿದ ಮೇಲೆ ಕೆಂಪು ಗುಲ್‌ಮೊಹರ್. ನನಗೆ ಇವೆಲ್ಲಕ್ಕಿಂತ ಇಷ್ಟ ಹೊಂಗೆ. ಯುಗಾದಿಯ ಆಸುಪಾಸಿನಲ್ಲಿ ಅದರ ಹೂವು ಉದುರಿ ರಸ್ತೆಯಂಚಿನಲ್ಲೆಲ್ಲ ಅರಳು ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಅದರ ಮೇಲೆ ಟೈರು ಹಾಯುವಾಗ ಚರಪರ ಎಂಬ ಸಣ್ಣ ಸದ್ದು ಕೇಳುತ್ತದೆ. ಇಂಜಿನ್ನಿನ ಮೇಲೆ ಕೂತವರಿಗೆ ಆ ಸದ್ದು ಕೇಳಿಸುವುದಿಲ್ಲ.

ಕಾಲು ಹೇಳುವ ಭೂಗೋಳ

ಬೆಂಗಳೂರು ಸಮತಟ್ಟಾದ ಊರು ಎಂದುಕೊಂಡವರಿಗೆ ಸೈಕಲ್ ಒಂದೇ ವಾರದಲ್ಲಿ ಸತ್ಯ ತಿಳಿಸುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಈ ಊರು ಒಂದು ಏಣಿನ ಮೇಲೆ, ಅದರ ಎರಡೂ ಮಗ್ಗುಲಿಗೆ ಹರಡಿದೆ. ಏಣಿನ ಪಶ್ಚಿಮಕ್ಕೆ ಬಿದ್ದ ಮಳೆನೀರು ವೃಷಭಾವತಿ ಸೇರಿ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ. ಸೈಕಲ್ ತುಳಿಯುವಾಗ ತಾನಾಗಿ ವೇಗ ಬಂದರೆ, ಮುಂದೆಲ್ಲೋ ಒಂದು ಕೆರೆ, ರಾಜಕಾಲುವೆ, ಅಥವಾ ಒಂದು ಕಾಲದಲ್ಲಿ ಕೆರೆಯಾಗಿದ್ದ ಜಾಗ ಇದೆಯೆಂದೇ ತಿಳಿಯಿರಿ. ಮಲ್ಲೇಶ್ವರದಿಂದ ಮೆಜೆಸ್ಟಿಕ್ಕಿಗೆ ಹೋಗುವಾಗ ತುಳಿಯುವ ಕೆಲಸವೇ ಕಡಿಮೆ, ಏಕೆಂದರೆ ಆ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿದೆ. ಬಸವನಗುಡಿಯ ಕಹಳೆಬಂಡೆಯ ಎತ್ತರದಿಂದ ಪಶ್ಚಿಮಕ್ಕೆ ಇಳಿದರೆ ಕೆಂಪಾಂಬುಧಿ ಕೆರೆ ಸಿಗುತ್ತದೆ.

ಇದನ್ನು ಹೇಳುತ್ತಿರುವುದು ಊರಿನ ಇತಿಹಾಸದ ಮೇಲಿನ ಪ್ರೀತಿಯಿಂದ ಮಾತ್ರವಲ್ಲ, ದಾರಿ ಆರಿಸುವುದಕ್ಕೂ ಇದೇ ಬೇಕು. ಕಚೇರಿ ಮನೆಗಿಂತ ತಗ್ಗಿನಲ್ಲಿದ್ದರೆ ನಿಮ್ಮ ಅದೃಷ್ಟ: ಬೆಳಿಗ್ಗೆ ಬೆವರದೆ ಇಳಿದು, ಸಂಜೆ ಹತ್ತಿಬಂದು ಮನೆಯಲ್ಲೇ ಸ್ನಾನ ಮಾಡಬಹುದು. ತಿರುವುಮುರುವಾಗಿದ್ದರೆ ಬೆಳಿಗ್ಗೆ ಹತ್ತು ನಿಮಿಷ ಬೇಗ ಹೊರಟು, ಏರು ಬಂದಾಗ ಕಡಿಮೆ ಗೇರಿನಲ್ಲಿ ನಿಧಾನವಾಗಿ ತುಳಿಯಿರಿ. ಒಂದು ಜೊತೆ ಅಂಗಿ, ಒಂದು ಸಣ್ಣ ಟವೆಲ್ ಚೀಲದಲ್ಲಿರಲಿ. ತಲುಪಿದ ಕೂಡಲೇ ಅಂಗಿ ಬದಲಿಸಬೇಡಿ. ಐದು ನಿಮಿಷ ಫ್ಯಾನಿನ ಕೆಳಗೆ ನಿಂತು ಬೆವರು ಆರಿದ ಮೇಲೆ ಬದಲಿಸಿದರೆ ದಿನವಿಡೀ ಹಾಯಾಗಿರುತ್ತದೆ.

ದಾರಿ ಮೊದಲು, ಸೈಕಲ್ ಆಮೇಲೆ

ಹೊಸಬರು ಸೈಕಲ್ ಕೊಂಡ ಮೇಲೆ, ಕಾರಿನಲ್ಲಿ ಹೋಗುತ್ತಿದ್ದ ದಾರಿಯಲ್ಲೇ ಹೊರಡುತ್ತಾರೆ. ಫ್ಲೈಓವರ್, ಎಂಟು ಪಥದ ರಸ್ತೆ, ಬಸ್ಸುಗಳ ಸಾಲು. ಎರಡನೇ ದಿನ ಹೆದರಿಕೆಯಾಗಿ ಸೈಕಲ್ ಬಾಲ್ಕನಿ ಸೇರುತ್ತದೆ. ನನ್ನ ಸಲಹೆ ಕೇಳುವುದಾದರೆ ಮೊದಲು ದಾರಿ ಹುಡುಕಿ. ಬೆಂಗಳೂರಿನ ಹಳೆಯ ಬಡಾವಣೆಗಳು ಮೇನ್, ಕ್ರಾಸ್ ಎಂದು ಚೌಕಚೌಕವಾಗಿ ಹಾಸಿಕೊಂಡಿರುವುದು ಸೈಕಲ್ಲಿನವರ ದೊಡ್ಡ ಆಸ್ತಿ. ಯಾವ ದೊಡ್ಡ ರಸ್ತೆಗೂ ಎರಡು ಬೀದಿ ಒಳಗೆ ಅದಕ್ಕೆ ಸಮಾನಾಂತರವಾದ, ಮರದ ನೆರಳಿನ, ಬಸ್ಸು ಬಾರದ ಒಂದು ಮೇನ್ ಇದ್ದೇ ಇರುತ್ತದೆ. ಇಂದಿರಾನಗರದಲ್ಲಿ 100 ಅಡಿ ರಸ್ತೆಯ ಬದಲು ಪಕ್ಕದ ಡಿಫೆನ್ಸ್ ಕಾಲೊನಿಯ ಒಳಬೀದಿಗಳು, ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳ ಬದಲು ಒಳಗಿನ ಮೇನ್‌ಗಳು. ದಾರಿ ಅರ್ಧ ಕಿ.ಮೀ. ಉದ್ದವಾಗಬಹುದು. ಆದರೆ ಹೊಗೆ, ಹಾರನ್ನು, ಭಯ ಮೂರೂ ಕಡಿಮೆಯಾಗುತ್ತವೆ.

ದೊಡ್ಡ ರಸ್ತೆ ದಾಟಲೇಬೇಕಾದ ಜಾಗಗಳೇ ನಿಮ್ಮ ನಕ್ಷೆಯ ಮುಖ್ಯ ಬಿಂದುಗಳು. ಎಲ್ಲಿ ಸಿಗ್ನಲ್ ಇದೆ, ಎಲ್ಲಿ ಡಿವೈಡರ್ ಮುರಿದಿದೆ, ಎಲ್ಲಿ ಇಳಿದು ತಳ್ಳಿಕೊಂಡು ಪಾದಚಾರಿಗಳ ಜೊತೆ ದಾಟಬಹುದು ಎಂದು ಮೊದಲೇ ಗುರುತಿಸಿ. ಸೈಕಲ್ಲಿನಿಂದ ಇಳಿದು ತಳ್ಳಿದರೆ ನೀವು ಪಾದಚಾರಿಯೇ. ಒನ್‌ವೇಯಲ್ಲಿ ಎದುರು ನುಗ್ಗುವ ಬದಲು ಇಳಿದು ಫುಟ್‌ಪಾತಿನ ಮೇಲೆ ನೂರು ಹೆಜ್ಜೆ ತಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಭಾನುವಾರ ಬೆಳಿಗ್ಗೆ ಇಡೀ ದಾರಿಯನ್ನು ಒಮ್ಮೆ ಪರೀಕ್ಷೆಗೆ ತುಳಿದು ನೋಡಿ. ವಾಹನಗಳ ನಡುವೆ ತುಳಿದು ಬಹಳ ವರ್ಷವಾಗಿದ್ದರೆ ಅದಕ್ಕೂ ಮೊದಲು ಕಬ್ಬನ್ ಪಾರ್ಕಿಗೆ ಹೋಗಿ. ಭಾನುವಾರ ಅದರೊಳಗಿನ ರಸ್ತೆಗಳಲ್ಲಿ ಕಾರು, ಬೈಕುಗಳಿಗೆ ಪ್ರವೇಶವಿಲ್ಲ. ಒಂದು ಕೈ ಬಿಟ್ಟು ಸನ್ನೆ ಮಾಡುವುದು, ನೇರ ಹೋಗುತ್ತಲೇ ಹಿಂತಿರುಗಿ ನೋಡುವುದು, ತಟ್ಟನೆ ಬ್ರೇಕ್ ಹಿಡಿಯುವುದು ಎಲ್ಲವನ್ನೂ ಅಲ್ಲಿ ಅಭ್ಯಾಸ ಮಾಡಿಕೊಳ್ಳಬಹುದು.

ಸೈಕಲ್ ಪಥಗಳನ್ನು ನಂಬಿ ಯೋಜನೆ ಹಾಕಬೇಡಿ ಎಂದು ಹೇಳಲು ನನಗೆ ಬೇಸರವೇ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ಲಿಗೆಂದೇ ಪಥ ಬೇರ್ಪಡಿಸಿದ್ದರು. ಒಳ್ಳೆಯ ಕೆಲಸವಾಗಿತ್ತು. ಕ್ರಮೇಣ ಅದರೊಳಗೆ ಬೈಕುಗಳು ನುಗ್ಗಿದವು, ಆಮೇಲೆ ಮೆಟ್ರೊ ಕಾಮಗಾರಿ ಬಂತು. ಪಥ ಇದ್ದಲ್ಲಿ ಬಳಸಿ, ಅದರಲ್ಲಿ ನಿಲ್ಲಿಸಿದ ಕಾರಿನ ಬಗ್ಗೆ ದೂರು ಕೊಡಿ, ಹೊಸ ಪಥಕ್ಕಾಗಿ ಒತ್ತಾಯಿಸಿ. ಆದರೆ ನಾಳೆ ಬೆಳಗಿನ ಸವಾರಿಗೆ ಒಳಬೀದಿಯನ್ನೇ ನೆಚ್ಚಿಕೊಳ್ಳಿ.

ದೂರ ಐದು ಕಿ.ಮೀ. ದಾಟಿದರೆ ಮೆಟ್ರೊ ಜೊತೆ ಹೊಂದಿಸಿಕೊಳ್ಳಬಹುದು. ಹಲವು ನಿಲ್ದಾಣಗಳಲ್ಲಿ ಸೈಕಲ್ ನಿಲ್ಲಿಸಲು ಜಾಗವಿದೆ. ಮಡಚುವ ಸೈಕಲ್ ಆದರೆ, ಲಗೇಜಿನ ಅಳತೆ ಮತ್ತು ತೂಕದ ಮಿತಿಯೊಳಗಿದ್ದಲ್ಲಿ ರೈಲಿನೊಳಗೇ ಒಯ್ಯಲು ಅವಕಾಶವಿದೆ.

ಎಂಥ ಸೈಕಲ್?

ರಾತ್ರಿ ಹತ್ತರ ಮೇಲೆ ಹ್ಯಾಂಡಲಿಗೆ ಬಿಸ್ಕತ್ತು, ಪೇಪರ್ ಲೋಟದ ಚೀಲ ತೂಗುಹಾಕಿ, ಕ್ಯಾರಿಯರ್ ಮೇಲೆ ಟೀ ಫ್ಲಾಸ್ಕು ಕಟ್ಟಿಕೊಂಡು ಬೀದಿ ಬೀದಿ ಸುತ್ತುವವರನ್ನು ನೋಡಿರುತ್ತೀರಿ. ಪತ್ರಿಕೆ ಹಾಕುವ ಹುಡುಗರು, ಹೂ ಮಾರುವವರು, ಗಾರೆ ಕೆಲಸಕ್ಕೆ ಹೋಗುವವರು, ಪಾಳಿ ಮುಗಿಸಿ ಮನೆಗೆ ಮರಳುವ ಸೆಕ್ಯುರಿಟಿ ಕಾವಲುಗಾರರು, ಈ ಊರಿನ ನಿಜವಾದ ದಿನಸವಾರರು ಇವರೇ. ಇವರ ಸೈಕಲ್ಲನ್ನು ಗಮನಿಸಿ. ಕ್ಯಾರಿಯರ್ ಇದೆ, ಎರಡೂ ಚಕ್ರಕ್ಕೆ ಮಡ್‌ಗಾರ್ಡ್ ಇದೆ, ಗಟ್ಟಿ ಸ್ಟ್ಯಾಂಡ್ ಇದೆ, ಬೆಲ್ ಇದೆ, ಚೈನಿಗೆ ಕವರ್ ಇದೆ. ಷೋರೂಮಿನಲ್ಲಿ ಮಿಂಚುವ ಹೊಸ ಸೈಕಲ್ಲುಗಳಲ್ಲಿ ಬಹುಪಾಲಕ್ಕೆ ಇವ್ಯಾವುವೂ ಇರುವುದಿಲ್ಲ. ಅಂಗಡಿಯವರು ಮೊದಲು ತೋರಿಸುವುದು ದಪ್ಪ ಟೈರಿನ, ಮುಂದೆ ಶಾಕ್ ಅಬ್ಸಾರ್ಬರ್ ಇರುವ ಸೈಕಲ್. ಕಡಿಮೆ ಬೆಲೆಯ ಶಾಕ್ ಅಬ್ಸಾರ್ಬರ್ ತೂಕ ಹೆಚ್ಚಿಸುತ್ತದೆಯೇ ಹೊರತು ಬೆಂಗಳೂರಿನ ಗುಂಡಿಗೆ ಹೆಚ್ಚೇನೂ ಮಾಡುವುದಿಲ್ಲ. ಅದರ ಬದಲು 35ರಿಂದ 42 ಮಿ.ಮೀ. ಅಗಲದ ಟೈರಿನ, ನೆಟ್ಟಗೆ ಕೂರಲು ಬರುವ ಹೈಬ್ರಿಡ್ ಅಥವಾ ಸಿಟಿ ಸೈಕಲ್ ನೋಡಿ. ಹಿಂದೆ ಏಳೆಂಟು ಗೇರ್ ಇದ್ದರೆ ಈ ಊರಿನ ಏರುಗಳಿಗೆ ಸಾಕು. ಬೆಲೆಯಲ್ಲಿ ಉಳಿದ ಹಣದಲ್ಲಿ ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡ್, ಬೆಲ್, ಮುಂದೆ ಬಿಳಿ ಹಿಂದೆ ಕೆಂಪು ದೀಪ ಹಾಕಿಸಿ. ಸೀರೆ, ದುಪಟ್ಟಾ, ಪಂಚೆ ಉಡುವವರು ಚೈನ್ ಕವರ್ ಬಿಡಲೇಬಾರದು. ಸಾಮಾನನ್ನು ಬೆನ್ನಿಗೆ ಹಾಕಿಕೊಂಡರೆ ಬೆನ್ನು ಬೆವರುತ್ತದೆ, ಕ್ಯಾರಿಯರ್ ಪಕ್ಕಕ್ಕೆ ತೂಗುವ ಚೀಲವೇ ಒಳ್ಳೆಯದು.

ಸೀಟಿನ ಎತ್ತರ ನೋಡಿಕೊಳ್ಳಿ. ಮಂಡಿನೋವು ಎಂದು ಸೈಕಲ್ ಬಿಟ್ಟ ಹಲವರದು ಸೀಟು ತೀರಾ ತಗ್ಗಿರುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂರಿ. ಪೆಡಲನ್ನು ಕೆಳತುದಿಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೇರವಾಗಿ ಚಾಚಿಕೊಂಡಿರಬೇಕು. ತುಳಿಯುವಾಗ ಪೆಡಲಿನ ಮೇಲಿರುವುದು ಪಾದದ ಮುಂಭಾಗವಾದ್ದರಿಂದ ಮಂಡಿ ತಾನಾಗಿ ಸ್ವಲ್ಪ ಮಡಚಿರುತ್ತದೆ. ಅದೇ ಸರಿಯಾದ ಎತ್ತರ.

ಕಳ್ಳತನದ ಭಯ ಎಲ್ಲರಿಗೂ ಇರುತ್ತದೆ. ತೆಳ್ಳನೆ ವೈರಿನ ಬೀಗವನ್ನು ಕಟ್ಟರಿನಲ್ಲಿ ಒಂದು ಕ್ಷಣದಲ್ಲಿ ಕತ್ತರಿಸಬಹುದು. ಯು ಲಾಕ್ ಕೊಂಡು, ಫ್ರೇಮು ಮತ್ತು ಹಿಂದಿನ ಚಕ್ರ ಎರಡನ್ನೂ ಸೇರಿಸಿ ಕಂಬಕ್ಕೋ ಗ್ರಿಲ್ಲಿಗೋ ಬಿಗಿಯಿರಿ. ಕೆಲವು ಮಾಲು, ಕಚೇರಿಗಳ ಗೇಟಿನಲ್ಲಿ ಕಾವಲುಗಾರರು “ಸಾರ್, ಸೈಕಲ್ ಒಳಗೆ ಬಿಡಲ್ಲ” ಎನ್ನುವುದುಂಟು. ಕೋಪಿಸಿಕೊಳ್ಳಬೇಡಿ, ಅವರೂ ಬಹುಶಃ ಸೈಕಲ್ಲಿನಲ್ಲೇ ಡ್ಯೂಟಿಗೆ ಬಂದಿರುತ್ತಾರೆ. “ಅಣ್ಣ, ನಿಮ್ಮ ಸೈಕಲ್ ಎಲ್ಲಿ ನಿಲ್ಲಿಸ್ತೀರೋ ಅಲ್ಲೇ ನನ್ನದೂ ನಿಲ್ಲಿಸ್ತೀನಿ” ಎಂದು ಕೇಳಿ. ಹೆಚ್ಚಿನ ಸಲ ನೆರಳಿರುವ, ಅವರ ಕಣ್ಣೆದುರೇ ಇರುವ ಜಾಗ ಸಿಗುತ್ತದೆ.

ರಸ್ತೆಯ ಮೇಲೆ

ಎಡಕ್ಕೇ ಇರಬೇಕು, ಆದರೆ ಅಂಚಿಗೆ ಅಂಟಿಕೊಂಡಲ್ಲ. ತೀರಾ ಅಂಚಿನಲ್ಲಿ ಮರಳು, ಮೋರಿ ಜಾಲರಿ, ಗಾಜಿನ ಚೂರು ಇರುತ್ತದೆ. ಕಾಂಕ್ರೀಟ್ ಹಾಕಿದ ರಸ್ತೆಗಳಲ್ಲಿ ಕಾಂಕ್ರೀಟೂ ಪಕ್ಕದ ನೆಲವೂ ಕೂಡುವಲ್ಲಿ ಒಂದು ಮೆಟ್ಟಿಲೇ ಇರುತ್ತದೆ. ಚಕ್ರ ಅದಕ್ಕೆ ಓರೆಯಾಗಿ ತಾಗಿದರೆ ಬೀಳುವುದು ಖಂಡಿತ. ಅಂಚಿನಿಂದ ಎರಡು ಮೂರು ಅಡಿ ಒಳಗೆ, ನೇರವಾದ ಗೆರೆಯಲ್ಲಿ ಸಾಗಿ. ಹಾಗೆ ಸಾಗುವ ಸೈಕಲ್ಲನ್ನು ಹಿಂದಿನವರು ನೋಡಿ ಬಳಸಿಕೊಂಡು ಹೋಗುತ್ತಾರೆ. ಅತ್ತಿತ್ತ ನುಸುಳುವ ಸೈಕಲ್ಲನ್ನು ಯಾರೂ ಅಂದಾಜು ಮಾಡಲಾರರು.

ನಿಲ್ಲಿಸಿದ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರವಿರಿ. ನಿಲ್ದಾಣದಲ್ಲಿ ನಿಂತ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಎಂದೂ ತೂರಬೇಡಿ, ಅಲ್ಲಿ ಜನ ಇಳಿಯುತ್ತಿರುತ್ತಾರೆ, ಡ್ರೈವರಿಗೆ ನೀವು ಕಾಣುವುದಿಲ್ಲ. ಲಾರಿ, ನೀರಿನ ಟ್ಯಾಂಕರ್‌ಗಳ ಎಡಮಗ್ಗುಲಿಗೆ ಸಿಗ್ನಲ್ಲಿನಲ್ಲಿ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ಅದು ಎಡಕ್ಕೆ ತಿರುಗಿದರೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಅದರ ಹಿಂದೆಯೇ ನಿಂತು ಹೋಗಲು ಬಿಡಿ. ಹೆಲ್ಮೆಟ್ ಹಾಕಿ. ಕಿವಿಗೆ ಇಯರ್‌ಫೋನ್ ಬೇಡ, ಸೈಕಲ್ಲಿನವರಿಗೆ ಕಿವಿಯೇ ಕನ್ನಡಿ.

ರಾತ್ರಿ ನಾಯಿಗಳು ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಕೆನಿಸುತ್ತದೆ, ಅದರಿಂದ ಅವಕ್ಕೆ ಇನ್ನೂ ಹುಮ್ಮಸ್ಸು. ನಿಲ್ಲಿಸಿ, ಇಳಿದು, ನಿಮಗೂ ನಾಯಿಗೂ ನಡುವೆ ಸೈಕಲ್ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆಯಿರಿ. ಬಹುಪಾಲು ನಾಯಿಗಳು ಅಲ್ಲಿಗೇ ಆಸಕ್ತಿ ಕಳೆದುಕೊಳ್ಳುತ್ತವೆ.

ಮಳೆಯ ವಿಷಯದಲ್ಲಿ ಈ ಊರು ಸೈಕಲ್ಲಿನವರಿಗೆ ಉಪಕಾರಿಯೇ. ಮೇ ತಿಂಗಳ ಗುಡುಗುಮಳೆಯೂ, ಹೆಚ್ಚು ಸುರಿಯುವ ಸೆಪ್ಟೆಂಬರ್, ಅಕ್ಟೋಬರ್ ಮಳೆಯೂ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತವೆ. ಬೆಳಗಿನ ಸವಾರಿ ತಪ್ಪುವುದು ಅಪರೂಪ. ಸಂಜೆ ಮೋಡ ಕವಿದಿದ್ದರೆ ಅರ್ಧ ಗಂಟೆ ಕಾದು ಹೊರಡಿ. ಒದ್ದೆ ರಿಮ್ಮಿನ ಮೇಲೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ಮ್ಯಾನ್‌ಹೋಲ್ ಮುಚ್ಚಳ ಮತ್ತು ಬಿಳಿ ಪಟ್ಟೆಗಳು ಜಾರುತ್ತವೆ. ತಳ ಕಾಣದ ನೀರಿನೊಳಗೆ ಸೈಕಲ್ ಇಳಿಸಬೇಡಿ. ಅಂಡರ್‌ಪಾಸ್ ಅಂತೂ ಬೇಡವೇ ಬೇಡ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ತುಂಬಿದ ನೀರು ಕಾರಿನಲ್ಲಿದ್ದ ಯುವತಿಯೊಬ್ಬರ ಜೀವವನ್ನೇ ತೆಗೆದದ್ದನ್ನು ಈ ಊರು ಮರೆಯಬಾರದು.

ಗಾಳಿ, ಎಣ್ಣೆ, ಪಂಚರ್

ವಾರಕ್ಕೊಮ್ಮೆ ಗಾಳಿ, ತಿಂಗಳಿಗೊಮ್ಮೆ ಚೈನಿಗೆ ಎಣ್ಣೆ. ಇಷ್ಟು ಮಾಡಿದರೆ ಸೈಕಲ್ ತೊಂದರೆ ಕೊಡುವುದು ಕಡಿಮೆ. ಎಷ್ಟು ಗಾಳಿ ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಹೈಬ್ರಿಡ್ ಟೈರಿಗೆ ಸಾಮಾನ್ಯವಾಗಿ 50ರಿಂದ 70 ಪಿಎಸ್‌ಐ ಸಾಕು. ಗಾಳಿ ಕಡಿಮೆಯಿದ್ದರೆ ಸೈಕಲ್ ಭಾರವೆನಿಸುತ್ತದೆ, ಗುಂಡಿಗೆ ಇಳಿದಾಗ ರಿಮ್ಮು ಟ್ಯೂಬನ್ನು ಕಚ್ಚಿ ಪಂಚರ್ ಆಗುತ್ತದೆ. ಚೈನಿಗೆ ಅಡುಗೆ ಎಣ್ಣೆ ಬೇಡ, ಧೂಳು ಸೇರಿ ಅಂಟಾಗುತ್ತದೆ. ಸೈಕಲ್ ಚೈನಿನ ಎಣ್ಣೆಯನ್ನು ಒಂದೊಂದು ಕೊಂಡಿಗೂ ಒಂದೊಂದು ಹನಿ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನು ಹಳೇ ಬಟ್ಟೆಯಲ್ಲಿ ಒರೆಸಿಬಿಡಿ.

ಪಂಚರ್ ಹಾಕುವುದನ್ನು ಕಲಿತುಕೊಳ್ಳಿ. ಬೈಕುಗಳೆಲ್ಲ ಟ್ಯೂಬ್‌ಲೆಸ್ ಆದ ಮೇಲೆ ಬೀದಿಬದಿಯ ಪಂಚರ್ ಅಂಗಡಿಗಳಲ್ಲಿ ಸೈಕಲ್ ಟ್ಯೂಬ್ ಮುಟ್ಟುವವರು ಕಡಿಮೆಯಾಗಿದ್ದಾರೆ. ಟೈರು ಬಿಚ್ಚಲು ಎರಡು ಪ್ಲಾಸ್ಟಿಕ್ ಲಿವರ್, ಒಂದು ಕೈಪಂಪು, ಉಪ್ಪುಕಾಗದ, ಸಲ್ಯೂಷನ್, ನಾಲ್ಕು ಪ್ಯಾಚು, ಎಲ್ಲವೂ ಸೀಟಿನ ಕೆಳಗಿನ ಅಂಗೈಯಗಲದ ಚೀಲದಲ್ಲಿ ಹಿಡಿಸುತ್ತವೆ. ಟ್ಯೂಬಿಗೆ ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದು ತಿರುಗಿಸಿದರೆ ತೂತಿನ ಜಾಗದಲ್ಲಿ ತಣ್ಣನೆ ಗಾಳಿ ತಾಗುತ್ತದೆ, ಬಕೆಟ್ ನೀರೂ ಬೇಕಿಲ್ಲ. ಅಲ್ಲಿ ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ. ಅವಸರ ಮಾಡುವವರು ಒದ್ದೆ ಇರುವಾಗಲೇ ಪ್ಯಾಚ್ ಅಂಟಿಸುತ್ತಾರೆ, ಅದು ಸಂಜೆಯೊಳಗೆ ಬಿಟ್ಟುಕೊಳ್ಳುತ್ತದೆ. ಸವರಿದ್ದು ಹೊಳಪು ಕಳೆದುಕೊಳ್ಳುವವರೆಗೆ ಕಾದು, ಆಮೇಲೆ ಪ್ಯಾಚ್ ಇಟ್ಟು ಹೆಬ್ಬೆರಳಲ್ಲಿ ನಡುವಿನಿಂದ ಅಂಚಿಗೆ ಒತ್ತಿ. ಟ್ಯೂಬನ್ನು ಮತ್ತೆ ಒಳಗೆ ಹಾಕುವ ಮುನ್ನ ಟೈರಿನ ಒಳಮೈಯನ್ನು ಸುತ್ತಲೂ ಬಟ್ಟೆಯಿಂದ ಸವರಿ ನೋಡಿ. ಮುಳ್ಳೋ ತಂತಿಯ ಚೂರೋ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯದೆ ಟೈರು ಕೂರಿಸಿದರೆ ಮುಂದಿನ ಕ್ರಾಸಿನಲ್ಲಿ ಮತ್ತೆ ಪಂಚರ್.

ಪ್ಯಾಚಿನ ಮೇಲೆ ಪ್ಯಾಚು ಬಿದ್ದು ಟ್ಯೂಬು ಮುಗಿದರೂ ಬಿಸಾಡಬೇಡಿ. ವಾಲ್ವ್ ಕತ್ತರಿಸಿ ತೆಗೆದು, ಉದ್ದಕ್ಕೆ ಎರಡಾಗಿ ಸೀಳಿ. ಹತ್ತು ಕೆ.ಜಿ. ಅಕ್ಕಿಚೀಲವಾಗಲಿ, ಹಬ್ಬದ ದಿನದ ಬಾಳೆಕಂದಾಗಲಿ, ಕ್ಯಾರಿಯರ್‌ಗೆ ಬಿಗಿಯಲು ಅದಕ್ಕಿಂತ ಒಳ್ಳೆಯ ಪಟ್ಟಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.